ಟ್ರಂಕು ತೆರೆಯದ ಭಟ್ಟರು

‘ಬಟ್ಟೆ’ ಎಂದು ಒಂದೇ ಒಂದು ಮಾತು ಹೇಳಿದ್ದರೆ ಪೆರಾಬೆಯ ಯಜ್ಞೇಶ್ವರ ಭಟ್ಟರು ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಪುತ್ತೂರಿನ ದರ್ಬೆಯಲ್ಲಿರುತ್ತಿದ್ದರು. ಬಸ್ಸಿನಲ್ಲಿದ್ದ ಉಳಿದವರೆಲ್ಲ ಆ ಮಾತು ಹೇಳಿಯಾಗಿತ್ತು. ಹೇಳಿದ್ದಕ್ಕೆ ಯಾರ ಗಂಟೂ ಹೋಗಿರಲಿಲ್ಲ.

ಅಕ್ಕಿಗೆ ತತ್ವಾರವಾಗಿದ್ದ ವರ್ಷ ಅದು. ಕೊಡಗಿನಲ್ಲಿ ಅಕ್ಕಿ ಇತ್ತು, ಘಟ್ಟದ ಕೆಳಗೆ ಇರಲಿಲ್ಲ. ಇದ್ದಲ್ಲಿಂದ ಇಲ್ಲದಲ್ಲಿಗೆ ಅದು ಹೋಗಕೂಡದೆಂದು ಸರಕಾರ ಕಲ್ಲುಗುಂಡಿಯ ಬಳಿ ರಸ್ತೆಗೆ ಅಡ್ಡವಾಗಿ ಒಂದು ಬಿದಿರು ಕಟ್ಟಿ, ಪಕ್ಕದಲ್ಲಿ ಸೋಗೆಯ ಗುಡಿಸಲು ಹಾಕಿ, ಸುಳ್ಯದ ಕಡೆಯ ತೀರ್ಥರಾಮನೆಂಬ ಗುಮಾಸ್ತನನ್ನು ಕೂರಿಸಿತ್ತು. ಹುಟ್ಟಿದಾಗಿನಿಂದ ಕುಚ್ಚಲಕ್ಕಿ ಗಂಜಿ ಕುಡಿದೇ ಬೆಳೆದ ಜನ ರೇಶನ್ ಅಂಗಡಿಯ ಮುಂದೆ ಸಾಲು ನಿಂತು, ಹುಳ ಹಿಡಿದ ಗೋಧಿ ತಂದು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಗಂಜಿಯಂತೆಯೇ ಬೇಯಿಸಿ, ಉಣ್ಣಲಾಗದೆ ದನಕ್ಕೆ ಸುರಿಯುತ್ತಿದ್ದರು. ದನವೂ ಒಮ್ಮೆ ಮೂಸಿ ಮುಖ ತಿರುಗಿಸುತ್ತಿತ್ತು. ಹೊಟ್ಟೆಯೂ ಉರಿಯುವ, ತಲೆಯೂ ಉರಿಯುವ ಕಾಲ.

ತೀರ್ಥರಾಮನ ತನಿಖೆಗೆ ಒಂದು ಪದ್ಧತಿಯಿತ್ತು. ಬಸ್ಸು ಹತ್ತಿ ಕೋಲಿನಿಂದ ಚೀಲ ತಟ್ಟಿ “ಎಂತ ಉಂಟು?” ಎನ್ನುತ್ತಿದ್ದ. “ಬಟ್ಟೆ” ಎನ್ನಬೇಕು. ದಿಂಬು ತಟ್ಟಿದರೂ ಬಟ್ಟೆ, ಡಬ್ಬಿ ತಟ್ಟಿದರೂ ಬಟ್ಟೆ. ಅವತ್ತು ಬಸ್ಸಿನಲ್ಲಿದ್ದ ಬೆಳ್ಯಪ್ಪ ಗೌಡರ ಅಂಗಿಯೊಳಗೆ ಸೊಂಟದ ಸುತ್ತ ಉಬ್ಬಿಕೊಂಡದ್ದೂ ಬಟ್ಟೆಯೇ. “ಈ ಊರಿನವರಷ್ಟು ಬಟ್ಟೆ ಉಡುವವರು ಮೈಸೂರಿನಲ್ಲಿಯೂ ಇರಲಿಕ್ಕಿಲ್ಲ” ಎಂದು ಗೊಣಗುತ್ತ ಆತ ಕೆಳಗಿಳಿದು ಬಿದಿರು ಎತ್ತುತ್ತಿದ್ದ. ಅವನ ಮನೆಯಲ್ಲಿಯೂ ಗೋಧಿ ಯಾರಿಗೂ ಸೇರುತ್ತಿರಲಿಲ್ಲ.

ಭಟ್ಟರು ಮಡಿಕೇರಿಯಲ್ಲಿ ತಂಗಿಯ ಮಗಳ ಮದುವೆ ಮುಗಿಸಿ ಹೆಂಡತಿ ಗೋದಾವರಿಯೊಡನೆ ಮೊದಲ ಬಸ್ಸಿಗೆ ಹೊರಟಿದ್ದರು. ಮಧ್ಯಾಹ್ನ ದರ್ಬೆಯಲ್ಲಿ ಹೊಸ ಪಕ್ಷದ ಸಭೆ. ಕಳ್ಳರನ್ನು ಹಿಡಿಯುವುದು, ವ್ಯಾಜ್ಯ ತೀರಿಸುವುದು, ಇವೆರಡು ಬಿಟ್ಟು ಸರಕಾರ ಬೇರೆ ಯಾವುದಕ್ಕೂ ಕೈ ಹಾಕಬಾರದೆನ್ನುವ ಪಕ್ಷ ಅದು. ಮರುವರ್ಷದ ಚುನಾವಣೆಗೆ ಯಾರು ನಿಲ್ಲಬೇಕೆಂದು ಮಂಗಳೂರಿನ ಮುಖಂಡರು ಬಂದು ಅಂದೇ ತೀರ್ಮಾನಿಸುವವರಿದ್ದರು. ಆ ಟಿಕೇಟು ಭಟ್ಟರಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವನನ್ನು ನಿಲ್ಲಿಸಿಕೊಂಡು ಅವನಿಗೂ ಭಾಷಣ ಮಾಡಿದ್ದರು. “ರೇಡಿಯೋ ಕೇಳಲಿಕ್ಕೆ ಲೈಸನ್ಸು, ಸೈಕಲು ಬಿಡಲಿಕ್ಕೆ ಲೈಸನ್ಸು, ಹಂದಿ ಓಡಿಸುವ ಕೋವಿಗೆ ಲೈಸನ್ಸು! ನಾಳೆ ಸೀನಲಿಕ್ಕೂ ಒಂದು ಲೈಸನ್ಸು ಬರ್ತದೆ ನೋಡು!” ಪಂಕ್ತಿಯಲ್ಲಿ ಆಚೆಗಿದ್ದವರಿಗೆ ಪಾಯಸ ಆರಿಹೋಯಿತು.

ಈಗ ತೀರ್ಥರಾಮ ಅವರ ಕಾಲ ಬುಡದ ಕಬ್ಬಿಣದ ಟ್ರಂಕನ್ನು ತಟ್ಟಿದ. “ಎಂತ ಉಂಟು ಭಟ್ರೆ?”

“ಕೇಳಲಿಕ್ಕೆ ನೀನು ಯಾರು?” ಎಂದರು ಭಟ್ಟರು.

ತೀರ್ಥರಾಮನಿಗೆ ಇಂಥ ಉತ್ತರ ಕೇಳಿ ಅಭ್ಯಾಸವಿರಲಿಲ್ಲ. “ಬಟ್ಟೆ ಅಲ್ವಾ?” ಎಂದು ಅವನೇ ಹೇಳಿಕೊಟ್ಟ.

“ಹೌದು, ಬಟ್ಟೆ ಅನ್ನಿ” ಎಂದು ಗೋದಾವರಿ ಗಂಡನ ಮೊಣಕೈ ಚಿವುಟಿದರು.

“ಬಟ್ಟೆಯೋ ಬಂಗಾರವೋ, ನನ್ನ ಟ್ರಂಕು! ಇದರೊಳಗೆ ಎಂತ ಉಂಟು ಅಂತ ಕೇಳುವ ಹಕ್ಕು ನಿನಗಿಲ್ಲ.”

“ಹಕ್ಕು ನನ್ನದಲ್ಲ ಭಟ್ರೆ, ಸರಕಾರದ್ದು.”

“ಸರಕಾರಕ್ಕೆ ಅದನ್ನು ಕೊಟ್ಟದ್ದು ಯಾರು?”

“ನೀವೇ ವೋಟು ಹಾಕಿ ಕೊಟ್ಟದ್ದಲ್ವಾ?”

“ನಾನು ಹಾಕಲೇ ಇಲ್ಲ!” ಭಟ್ಟರು ಎದ್ದು ನಿಂತ ರಭಸಕ್ಕೆ ತಲೆ ಬಸ್ಸಿನ ಸರಳಿಗೆ ಬಡಿಯಿತು. ಆ ನೋವೂ ಸರಕಾರದ ಲೆಕ್ಕಕ್ಕೇ ಸೇರಿತು. “ಇಳಿ ಕೆಳಗೆ! ಇದನ್ನು ಇವತ್ತೇ ತೀರ್ಮಾನ ಮಾಡುವಾ.”

ಇಬ್ಬರೂ ರಸ್ತೆಗಿಳಿದರು. ಡ್ರೈವರು ಎಂಜಿನು ನಿಲ್ಲಿಸಿ ಬೀಡಿ ಹಚ್ಚಿದ. ಕಂಡಕ್ಟರು ಹಕೀಮ್ ಫುಟ್‌ಬೋರ್ಡಿನಲ್ಲಿ ಕೂತು ಹಣೆ ಚಚ್ಚಿಕೊಂಡ.

“ನೋಡಿ ಭಟ್ರೆ,” ಎಂದ ತೀರ್ಥರಾಮ ತಾಳ್ಮೆಯಿಂದ, “ಈ ಗೇಟು ತೆಗೆದರೆ ದೊಡ್ಡ ವ್ಯಾಪಾರಿಗಳು ಲಾರಿಗಟ್ಟಲೆ ಅಕ್ಕಿ ಕೊಂಡುಹೋಗಿ, ಹೆಚ್ಚು ಕ್ರಯ ಸಿಗುವಲ್ಲಿ ಮಾರ್ತಾರೆ. ಕೈಯಲ್ಲಿ ದುಡ್ಡಿಲ್ಲದವ ಎಂತ ಮಾಡುದು?”

“ಲಾರಿ ಬರಲಿ ಮಾರಾಯ! ಒಂದಲ್ಲ ಹತ್ತು ಬರಲಿ! ಅಕ್ಕಿ ರಾಶಿ ಬಿದ್ದರೆ ಕ್ರಯ ತನ್ನಷ್ಟಕ್ಕೆ ಇಳೀತದೆ. ಈಗ ಎಂತ ಆಗ್ತಾ ಉಂಟು ಹೇಳು. ಲಾರಿಯವ ನಿಮ್ಮ ದೊಡ್ಡವರ ಕೈ ಬೆಚ್ಚಗೆ ಮಾಡಿ ದಾಟಿ ಹೋಗ್ತಾನೆ. ನಿನ್ನ ಕೋಲಿಗೆ ಸಿಕ್ಕುದು ಎರಡು ಸೇರು ಕಟ್ಟಿಕೊಂಡ ಬಡವರು. ಅಕ್ಕಿಗೆ ಬರ ಬಂದದ್ದಲ್ಲ, ಗೇಟಿನಿಂದ ಬರ ಬಂದದ್ದು!”

ಲಾರಿಗಳ ಸಂಗತಿ ತೀರ್ಥರಾಮನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಭಟ್ಟರು ಗೆದ್ದೆನೆಂದು ಶಾಲು ಸರಿಪಡಿಸಲು ಹೆಗಲಿಗೆ ಕೈ ಹಾಕಿದರು. ಶಾಲಿರಲಿಲ್ಲ. ಸಭೆಗೆ ಹೊದೆಯುವ ಜರಿ ಶಾಲು ಟ್ರಂಕಿನಲ್ಲಿದೆಯೆಂದು ನೆನಪಾಗಿ ಬರಿ ಹೆಗಲನ್ನೇ ನೇವರಿಸಿಕೊಂಡರು.

“ನಿಮ್ಮ ಹತ್ತು ಲಾರಿ ಬರುವವರೆಗೆ ನನ್ನ ಮಗಳು ಎಂತ ತಿನ್ನುದು?”

ಕೇಳಿದ್ದು ಕಿಟಕಿಯ ಬಳಿ ಕೂತಿದ್ದ ದಮಯಂತಿ. ದರ್ಬೆಯಲ್ಲಿ ಬಾಣಂತಿ ಮಗಳ ಮನೆಗೆ ಹೊರಟಿದ್ದ ಹೆಂಗಸು. ಮಡಿಲಲ್ಲಿದ್ದ ‘ಬಟ್ಟೆ’ಯನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು. “ಹೆತ್ತು ಹತ್ತು ದಿನ ಆಗಿಲ್ಲ ಅವಳಿಗೆ. ನಿಮ್ಮ ಸ್ವಾತಂತ್ರ್ಯ ಬೇಯಿಸಿ ಬಡಿಸುದಾ? ನಿಮಗೆ ಅಡಿಕೆ ದುಡ್ಡುಂಟು, ಕ್ರಯ ಎಷ್ಟಾದರೂ ಕೊಟ್ಟು ತರ್ತೀರಿ. ಅವ ನಮ್ಮನ್ನು ಸುಮ್ಮನೆ ಬಿಡ್ತಿದ್ದ. ನಿಮ್ಮಿಂದಾಗಿ ಈಗ ಎಲ್ಲರಿಗೂ ಎಳ್ಳುನೀರು!”

“ಅವನು ಬಿಡುದಲ್ಲಮ್ಮ! ಬಿಡಲಿಕ್ಕೆ ಅವನು ಯಾರು? ಅದೇ ನನ್ನ ಪ್ರಶ್ನೆ!” ಭಟ್ಟರ ದನಿ ಹೊಳೆಯಾಚೆಗೂ ಕೇಳಿಸಿತು. “ನೀವೆಲ್ಲ ಸುಳ್ಳು ಹೇಳಿ ನುಸುಳುವವರು. ನಾನು ಸತ್ಯ ಹೇಳಿ ನಿಲ್ಲುವವ. ಪ್ರಾಣ ಹೋದರೂ ಆ ಟ್ರಂಕು ತೆರೆಯುದಿಲ್ಲ!”

‘ಸುಳ್ಳು’ ಎಂಬ ಮಾತು ಇಷ್ಟು ಜನರೆದುರು ಬಂದುಬಿಟ್ಟಮೇಲೆ ತೀರ್ಥರಾಮನಿಗೂ ಪಿತ್ತ ನೆತ್ತಿಗೇರಿತು. ಇಷ್ಟು ತಿಂಗಳು ಕಣ್ಣು ಮುಚ್ಚಿ ಕೂತದ್ದಕ್ಕೆ ಇದು ಉಪಕಾರಸ್ಮರಣೆ! “ಹಾಗಾದರೆ ಸರಿ. ಇವತ್ತು ಕಾನೂನು ಪ್ರಕಾರವೇ ಆಗಲಿ. ಎಲ್ಲರ ಚೀಲವೂ ಬಿಚ್ಚಬೇಕು, ನಿಮ್ಮದು ಕೊನೆಗೆ” ಎಂದು, ಸಹಾಯಕ್ಕೆ ಪ್ಯೂನನ್ನು ಕರೆಯಲು ಗುಡಿಸಲಿನೊಳಗೆ ಹೋದ. ಪ್ಯೂನು ನಿದ್ರೆಯಲ್ಲಿದ್ದ. ಎಬ್ಬಿಸಲು ಹೊತ್ತು ಹಿಡಿಯಿತು.

ಭಟ್ಟರು ರಸ್ತೆಯಲ್ಲಿ ಹಿಂದೆ ಮುಂದೆ ನಡೆಯುತ್ತ ಮುಂದಿನ ವಾದಗಳನ್ನು ಮಸೆದುಕೊಂಡರು. ಬಸ್ಸಿನೊಳಗಿಂದ ಬೈಗುಳ ಕೇಳಿಸುತ್ತಿದ್ದುದು ಇದ್ದಕ್ಕಿದ್ದಂತೆ ನಿಂತು, ಏನೋ ಗುಸುಗುಸು, ಏನೋ ಸರಬರ. ಹೆದರಿದ್ದಾರೆ ಎಂದುಕೊಂಡರು.

ತೀರ್ಥರಾಮ ಪ್ಯೂನನೊಡನೆ ಬಸ್ಸು ಹತ್ತಿದಾಗ ಜನ ತಾವಾಗಿಯೇ ಚೀಲ ಬಿಚ್ಚಿ ಹಿಡಿದಿದ್ದರು. “ನೋಡಿ ಸ್ವಾಮೀ, ಚೆನ್ನಾಗಿ ನೋಡಿ” ಎಂದರು ಬೆಳ್ಯಪ್ಪ ಗೌಡರು ಅಂಗಿ ಎತ್ತಿ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂದು ಕಾಳು ಅಕ್ಕಿಯಿಲ್ಲ! ತೀರ್ಥರಾಮ ಕಕ್ಕಾಬಿಕ್ಕಿಯಾದ. ಈ ಗೇಟಿಗೆ ಇಷ್ಟು ಶುದ್ಧವಾದ ಬಸ್ಸು ಬಂದದ್ದೇ ಇಲ್ಲ.

“ಗುಲಾಮರು!” ಎಂದು ಭಟ್ಟರು ಕೆಳಗಿನಿಂದಲೇ ಹಲ್ಲು ಕಡಿದರು. “ಕೇಳುವ ಮೊದಲೇ ಬಿಚ್ಚಿ ತೋರಿಸುವ ಜನ!”

“ನಿಮ್ಮ ಟ್ರಂಕೊಂದು ಉಳಿಯಿತು” ಎಂದ ತೀರ್ಥರಾಮ. “ತೆರೆಯದಿದ್ದರೆ ಸುಳ್ಯದಿಂದ ಪೋಲೀಸರು ಬರುವವರೆಗೆ ಬಸ್ಸು ಬಿಡುವ ಹಾಗಿಲ್ಲ.”

“ತೆರೆಯಬೇಡಿ ಭಟ್ರೇ!” ಎಂದು ಯಾರೋ ಕೂಗಿದರು. ಬೆಳ್ಯಪ್ಪ ಗೌಡರು! “ಭಟ್ರು ಹೇಳಿದ್ದು ನ್ಯಾಯ! ಯಾರ ಅಪ್ಪನ ಟ್ರಂಕು?” ಎಂದು ಇನ್ನೊಬ್ಬ. “ಪೋಲೀಸು ಬರಲಿ, ನಾವು ಕಾಯ್ತೇವೆ!” ಎಂದು ಹಿಂದಿನ ಸೀಟಿನವರೆಲ್ಲ ಒಟ್ಟಾಗಿ ಬೊಬ್ಬೆ ಹಾಕಿದರು. ಭಟ್ಟರಿಗೆ ಕಣ್ಣು ತುಂಬಿ ಬಂತು. ಒಂದು ಗಂಟೆಯ ಹಿಂದೆ ತನ್ನನ್ನು ಹರಿದು ತಿನ್ನುವಂತಿದ್ದ ಜನ! ವಾದವೆಂದರೆ ಹೀಗೆ ತಟ್ಟಬೇಕು. ಇಂಥವರ ವೋಟು ಎಲ್ಲಿಗೆ ಹೋಗುತ್ತದೆ?

ವೋಟು ಎಂದದ್ದೇ ಟಿಕೇಟು ನೆನಪಾಯಿತು, ಟಿಕೇಟು ನೆನಪಾದದ್ದೇ ಹೊತ್ತು ನೆನಪಾಯಿತು.

“ಪೋಲೀಸರು ಬಂದು ಹೋಗುವಾಗ ಎಷ್ಟು ಗಂಟೆಯಾಗಬಹುದು ಹಕೀಮ್?”

“ಇವತ್ತೇ ಬಂದರೆ ನಿಮ್ಮ ಪುಣ್ಯ ಭಟ್ರೇ. ದರ್ಬೆಗೆ ಮುಟ್ಟುವಾಗ ದೀಪ ಹಚ್ಚಿರ್ತಾರೆ.”

ಈ ಬಿದಿರಿಗೆ ತಲೆ ಚಚ್ಚಿಕೊಳ್ಳುತ್ತ ಕೂತರೆ ಅಲ್ಲಿ ಬೇರೆ ಯಾವನೋ ಮಾಲೆ ಹಾಕಿಸಿಕೊಳ್ಳುತ್ತಾನೆ. ಒಮ್ಮೆ ಶಾಸನಸಭೆಗೆ ಹೋದರೆ ಇಡೀ ಗೇಟನ್ನೇ ಕೀಳಿಸಬಹುದಲ್ಲ? ಒಳಗಿರುವುದು ಹೇಗೂ ಬಟ್ಟೆ. ಅವರು ಗಂಟಲು ಸರಿಮಾಡಿಕೊಂಡರು.

“ಕೇಳು ತೀರ್ಥರಾಮ. ನಿನ್ನ ಅಪ್ಪಣೆಗೆ ನಾನು ತೆರೆಯುದಲ್ಲ. ತೆರೆಯದಿರುವ ಸ್ವಾತಂತ್ರ್ಯ ಹೇಗೆ ನನ್ನದೋ, ತೆರೆಯುವ ಸ್ವಾತಂತ್ರ್ಯವೂ ನನ್ನದೇ. ಈಗ ನನ್ನ ಖುಷಿಯಿಂದ ತೆರೆಯುತ್ತೇನೆ. ಗೋದಾವರೀ, ಕೀಲಿಕೈ ಕೊಡು.”

ಬೊಬ್ಬೆ ಹಾಕುತ್ತಿದ್ದವರೆಲ್ಲ ಗೋದಾವರಿಯ ಕಡೆ ತಿರುಗಿದರು.

“ಕೀಲಿಕೈ ಕಾಣುದಿಲ್ಲ” ಎಂದರು ಗೋದಾವರಿ.

“ಕಾಣುದಿಲ್ಲ ಅಂದರೆ? ಸೊಂಟದಲ್ಲಿ ಇತ್ತಲ್ಲ?”

“ಮಡಿಕೇರಿಯಲ್ಲೇ ಬಿಟ್ಟಿರಬೇಕು.”

“ತೆರೆಯಬೇಡಿ ಭಟ್ರೇ, ಮರ್ಯಾದೆ ಪ್ರಶ್ನೆ!” ಎಂದು ಬೆಳ್ಯಪ್ಪ ಗೌಡರು ಅಳುವ ದನಿಯಲ್ಲಿ ಕೂಗಿದರು.

ಆದರೆ ಭಟ್ಟರು ಒಮ್ಮೆ ಹೊರಟರೆ ನಿಲ್ಲುವವರಲ್ಲ. ಟ್ರಂಕನ್ನು ದರದರ ಎಳೆದು ರಸ್ತೆಗೆ ಹಾಕಿದರು. ಅದು ಬರುವಾಗಿನದಕ್ಕಿಂತ ಯಾಕೆ ಇಷ್ಟು ಭಾರವಾಗಿದೆ ಎಂದು ಯೋಚಿಸುವ ವ್ಯವಧಾನ ಅವರಿಗಿರಲಿಲ್ಲ. ರಸ್ತೆ ಬದಿಯ ಕಲ್ಲೊಂದನ್ನು ಎತ್ತಿ ಬೀಗಕ್ಕೆ ಕುಟ್ಟಿದರು. ಮೂರನೆಯ ಪೆಟ್ಟಿಗೆ ಬೀಗ ಹಾರಿತು, ಮುಚ್ಚಳ ತೆರೆಯಿತು, ಒತ್ತಿ ತುಂಬಿದ್ದ ಗಂಟುಗಳು ಒಂದೊಂದಾಗಿ ಹೊರಗುರುಳಿದವು. ಹೆಗಲಿಗೆ ಹಾಕುವ ಬೈರಾಸದ ಗಂಟು, ದಿಂಬಿನ ಚೀಲ, ಯಾರದೋ ಪೇಟ. ಒಂದು ಗಂಟು ಬಿಚ್ಚಿಕೊಂಡು ಕೆಂಪು ಕುಚ್ಚಲಕ್ಕಿ ಭಟ್ಟರ ಪಾದದ ಮೇಲೆ ಸುರಿಯಿತು.

“ಇದು ನನ್ನದಲ್ಲ!” ಎಂದು ಕಿರುಚಿದರು ಭಟ್ಟರು. “ಒಂದು ಕಾಳೂ ನನ್ನದಲ್ಲ! ಈ ಕಳ್ಳರು ತುಂಬಿಸಿದ್ದು!”

“ನಮ್ಮ ಚೀಲ ಗುಮಾಸ್ತರು ಆಗಲೇ ನೋಡಿದ್ದಾರೆ” ಎಂದರು ಬೆಳ್ಯಪ್ಪ ಗೌಡರು. ಅವರ ಕಣ್ಣು ಕೆಂಡವಾಗಿತ್ತು. “ಗಂಡಸಿಗೆ ಮಾತು ಅಂತ ಒಂದು ಇರಬೇಕು ಭಟ್ರೇ. ಪ್ರಾಣ ಹೋದರೂ ತೆರೆಯುದಿಲ್ಲ ಅಂದದ್ದು ಯಾರು? ಅದನ್ನು ನಂಬಿದವರು ಎಂತ ಆಗ್ಬೇಕು?”

ತೀರ್ಥರಾಮ ಬಗ್ಗಿ, ಎಲ್ಲಕ್ಕಿಂತ ಅಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಗಂಟನ್ನೆತ್ತಿದ. ಅದನ್ನು ಕಟ್ಟಿದ್ದು ಜರಿ ಶಾಲಿನಲ್ಲಿ. “ಇದೂ ಅವರದ್ದಾ?”

ಭಟ್ಟರು ಹೆಂಡತಿಯ ಕಡೆ ತಿರುಗಿದರು. ಗೋದಾವರಿ ತಲೆ ತಗ್ಗಿಸಲಿಲ್ಲ.

“ಮಡಿಕೇರಿಯಿಂದಲೇ ಕಟ್ಟಿ ತಂದದ್ದು” ಎಂದರು. “ಕೆಲಸಕ್ಕೆ ಬರುವ ಆಳುಗಳಿಗೆ ಗೋಧಿ ಗಂಜಿ ಬಡಿಸಿ ಅವರ ಮುಖ ನೋಡುದು ನೀವಾ, ನಾನಾ? ಸುಮ್ಮನಿರಿ ಅಂತ ಎಷ್ಟು ಸಲ ಚಿವುಟಿದೆ!”

ತೀರ್ಥರಾಮ ನಿಟ್ಟುಸಿರಿಟ್ಟ. “ಬಟ್ಟೆ ಅಂದಿದ್ದರೆ ಒಳಗೆ ಇದ್ದದ್ದನ್ನು ನಾನು ನೋಡ್ತಿರಲಿಲ್ಲ ಭಟ್ರೆ. ರಸ್ತೆಗೆ ಸುರಿದ ಮೇಲೆ ಹೇಗೆ ಬಿಡುದು? ಮೇಲಿನವರು ಬರುವವರೆಗೆ ಕೂತುಕೊಳ್ಳಿ.”

ಬಿದಿರು ಮೇಲೆದ್ದಿತು. ಹಟ್ಟಿಯಲ್ಲಿ ದನ ಕಾಯುತ್ತವೆಂದು ಗೋದಾವರಿ ಬಸ್ಸು ಹತ್ತಿದರು. ನೀವು ಬರುವುದಿಲ್ಲವೆಂದು ದರ್ಬೆಯಲ್ಲಿ ಇಳಿದು ಹೇಳಿ ಹೋಗುತ್ತೇನೆ ಎಂದರು. ಭಟ್ಟರು ಗುಡಿಸಲಿನ ಬೆಂಚಿನಲ್ಲಿ, ಅಕ್ಕಿ ಗಂಟುಗಳ ನಡುವೆ, ಬರಿ ಹೆಗಲಲ್ಲಿ ಕೂತು ಸರಕಾರವನ್ನೂ ಸಹಪ್ರಯಾಣಿಕರನ್ನೂ ತಂಗಿಯನ್ನೂ ಅವಳ ಅಳಿಯನನ್ನೂ ಸರದಿಯಂತೆ ಬೈದರು.

ಸಂಜೆ ಅದೇ ಬಸ್ಸು ಘಟ್ಟ ಹತ್ತಲು ಬಂದು ಗೇಟಿನಲ್ಲಿ ನಿಂತಿತು. ಭಟ್ಟರು ಓಡಿಹೋಗಿ ಹಕೀಮನ ಕೈ ಹಿಡಿದರು. “ಸಭೆ ಎಂತ ಆಯ್ತು? ಟಿಕೇಟು ಯಾರಿಗೆ?”

“ನಿಮ್ಮ ಮನೆಗೇ ಭಟ್ರೇ!” ಎಂದ ಹಕೀಮ್, ಹಲ್ಲು ಕಿರಿದು.

ಭಟ್ಟರು ತೀರ್ಥರಾಮನ ಕಡೆ ತಿರುಗಿ ಎದೆ ಸೆಟೆದರು. “ಕೇಳಿದೆಯಾ? ನಾನಿಲ್ಲದಿದ್ದರೂ!”

“ಗೋದಾವರಿಯಮ್ಮನಿಗೆ” ಎಂದು ಹಕೀಮ್ ಮಾತು ಮುಗಿಸಿದ. “ಎಂತ ಹೇಳುದು ಭಟ್ರೇ, ಗೇಟು ದಾಟಿದ ಮೇಲೆ ಅಮ್ಮ ಸೆರಗಿನ ಅಡಿಯಿಂದ ಒಂದು ಗಂಟು ತೆಗೆದು ದಮಯಂತಿಯಕ್ಕನ ಮಡಿಲಿಗೆ ಹಾಕಿದರು. ‘ಬಾಣಂತಿಯ ಅಕ್ಕಿ, ಟ್ರಂಕಿಗೆ ಹಾಕಲಿಕ್ಕೆ ನನಗೆ ಧೈರ್ಯ ಬರಲಿಲ್ಲ, ನಮ್ಮವರ ಮಾತು ನನಗೆ ಗೊತ್ತುಂಟಲ್ಲ’ ಅಂದರು. ಆ ಅಕ್ಕ ಅಳುತ್ತಾ ಸಭೆಗೇ ಹೋಗಿ ಎಲ್ಲ ಹೇಳಿಬಿಟ್ಟಳು. ಮಂಗಳೂರಿನವರು ‘ಮಾತಾಡುವವರು ನಮ್ಮಲ್ಲಿ ಬೇಕಾದಷ್ಟು ಉಂಟು, ಮಾಡಿದವರು ಇವರೊಬ್ಬರೇ’ ಅಂತ ಅಮ್ಮನಿಗೇ ಮಾಲೆ ಹಾಕಿದರು.”

“ನನ್ನ ಒಪ್ಪಿಗೆ?” ಎಂದರು ಭಟ್ಟರು. “ನನ್ನನ್ನು ಯಾರೂ ಕೇಳಲಿಲ್ವಾ?”

“ಅವರೂ ಅದನ್ನೇ ಕೇಳಿದ್ದು, ಯಜಮಾನರ ಒಪ್ಪಿಗೆ ಉಂಟಾ ಅಂತ. ಅಮ್ಮ, ‘ಒಪ್ಪಿಗೆ ಕೇಳಿಕೊಂಡೇ ಬದುಕುದಾದರೆ ಈ ಪಕ್ಷ ಯಾಕೆ?’ ಅಂದರು. ಚಪ್ಪಾಳೆಯೋ ಚಪ್ಪಾಳೆ!”

ಭಟ್ಟರ ಮುಖ ಕಪ್ಪಿಟ್ಟು, ಕೆಂಪಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಯಿತು. ಹಕೀಮನ ಕೈ ಬಿಟ್ಟು ತೀರ್ಥರಾಮನ ಅಂಗಿಯ ತೋಳು ಹಿಡಿದರು.

“ಏ ತೀರ್ಥರಾಮ! ನೀನು ಸರಕಾರದವನಲ್ವಾ? ಗಂಡನನ್ನು ಒಂದು ಮಾತು ಕೇಳದೆ ಹೆಂಡತಿ ಚುನಾವಣೆಗೆ ನಿಂತರೆ ತಡೆಯಲಿಕ್ಕೆ ಯಾವ ಕಾನೂನೂ ಇಲ್ವಾ ಈ ದೇಶದಲ್ಲಿ?”

ತೀರ್ಥರಾಮ ಮೆಲ್ಲಗೆ ತೋಳು ಬಿಡಿಸಿಕೊಂಡು, ಬಸ್ಸಿಗೆ ದಾರಿ ಬಿಡಲು ಬಿದಿರು ಎತ್ತಿದ.

“ಇಲ್ಲ ಭಟ್ರೆ” ಎಂದ. “ಅದೊಂದಕ್ಕೆ ಸರಕಾರ ಇನ್ನೂ ಕೈ ಹಾಕಿಲ್ಲ.”