ಮೇಲಿನ ಹುಲ್ಲುಗಾವಲಿನ ಮಾರ್ಮಟ್ ಅವರಿಗೆ, ನನ್ನ ಮೊಣಕಾಲಿನ ವಿಷಯವಾಗಿ

ಶ್ರೀಯುತ ಮಾರ್ಮಟ್ ಮತ್ತು ಕುಟುಂಬದವರಿಗೆ,
ದೊಡ್ಡ ಬಂಡೆಯ ಕೆಳಗಿನ ಬಿಲ,
ಮೇಲಿನ ಹುಲ್ಲುಗಾವಲು, ಟಿರೋಲ್.

ಮಾನ್ಯರೇ,

ಬೆಟ್ಟದ ದಪ್ಪ ಅಳಿಲುಗಳ ಕುಲದವರಾದ ತಾವು ಮಡದಿ ಮಕ್ಕಳ ಸಮೇತ ಮೂಗನ್ನು ಬಾಲದೊಳಗೆ ಸಿಕ್ಕಿಸಿಕೊಂಡು ಗಾಢನಿದ್ರೆಯಲ್ಲಿರುವ ಈ ಚಳಿಗಾಲದಲ್ಲಿ ಪತ್ರ ಬರೆದು ತೊಂದರೆ ಕೊಡುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಕೋರುತ್ತೇನೆ. ಬಿಲದಲ್ಲಿ ಎಲ್ಲರೂ ಕ್ಷೇಮವೆಂದೂ, ಬೇಸಿಗೆಯಲ್ಲಿ ನಮ್ಮ ಹಸುಗಳ ಬಾಯಿಂದ ಕಸಿದು ತಿಂದ ಹುಲ್ಲು ಹೂವೆಲ್ಲ ತಮ್ಮ ಮೈಮೇಲೆ ಕೊಬ್ಬಾಗಿ ಸುಖವಾಗಿದೆಯೆಂದೂ ನಂಬಿದ್ದೇನೆ. ಇಲ್ಲಿ ನಾನು ಕ್ಷೇಮವಾಗಿಲ್ಲ.

ಈ ದೂರಿಗೆ ಮೂಲವಾದ ಕಥೆಯನ್ನು ಮೊದಲು ಹೇಳಿದವರು ನನ್ನ ಅತ್ತೆ ನೊಟ್‌ಬುರ್ಗಾ. ಹೇಳಿದ್ದು ಈ ವರ್ಷ, ಈಸ್ಟರಿನ ಉಪವಾಸಕ್ಕೆ ಮುಂಚೆ ಬರುವ ಕಾರ್ನಿವಲ್ ಭಾನುವಾರದ ಹಿಂದಿನ ಸಂಜೆ, ನಮ್ಮ ಅಡುಗೆಮನೆಯ ಒಲೆಗೆ ಬೆನ್ನು ಕೊಟ್ಟು ಕೂತು. ಆದರೆ ಕಥೆಗಿಂತ ಮೊದಲು ಮೊಣಕಾಲಿನ ಸಮಾಚಾರ ತಮಗೆ ಗೊತ್ತಾಗಬೇಕು.

ನಾನು ಫಿಲೊಮೆನಾ, ಇಳಿಜಾರಿನ ಬುಡದ ಹೋಟೆಲಿನಲ್ಲಿ ಅಡುಗೆಯವಳು. ಹೊಸ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಪಟ್ಟಣದ ಗಂಡಸೊಬ್ಬ ಸ್ಕೀ ಕಟ್ಟಿಕೊಂಡು, ಆಗಷ್ಟೇ ಹುಟ್ಟಿದ ಕರುವಿನಂತೆ ಕಾಲು ಅಗಲಿಸಿ ನಿಂತಿದ್ದನ್ನು ಕಿಟಕಿಯಿಂದ ನೋಡಿ ತಡೆಯಲಾರದೆ, ಹೀಗಲ್ಲಪ್ಪ ಹೀಗೆ ತಿರುಗಬೇಕು ಎಂದು ತೋರಿಸಲು ಏಪ್ರನ್ ಕೂಡ ಬಿಚ್ಚದೆ ಸ್ಕೀ ತೊಟ್ಟು ಹೊರಟೆ. ಆತ ತಿರುಗಿದ. ನಾನೂ ತಿರುಗಿದೆ. ನನ್ನ ಮೊಣಕಾಲು ಮಾತ್ರ ನನ್ನ ಜೊತೆ ಬರಲಿಲ್ಲ.

ಕಣಿವೆಯ ಡಾಕ್ಟರು ಕಾಲನ್ನು ಅಲ್ಲಾಡಿಸಿ ನೋಡಿ, "ಮೂಳೆ ಗಟ್ಟಿ ಇದೆ, ಒಳಗಿನ ಕಟ್ಟು ಎಳೆದುಹೋಗಿದೆ. ಈಸ್ಟರ್ ತನಕ ಸುಮ್ನೆ ಇರಿ," ಅಂದರು.

"ಕಾರ್ನಿವಲ್ ಭಾನುವಾರ ಬಂಡಿ ಇದೆಯಲ್ಲ ಡಾಕ್ಟ್ರೇ?"

"ಇದೆ. ಕಿಟಕೀಲಿ ಕೂತು ನೋಡಿ."

ತಾವು ನಿದ್ರೆಯಲ್ಲಿರುವುದರಿಂದ ಆ ಭಾನುವಾರದ ಮಹತ್ವ ತಮಗೆ ತಿಳಿದಿರಲಾರದು. ಹಿಂದೆ ಮೇಲಿನ ಹುಲ್ಲುಗಾವಲಿನಿಂದ ಒಣಹುಲ್ಲನ್ನು ಹಿಮದ ಮೇಲೆ ಇಳಿಸುತ್ತಿದ್ದ ಮುಂದುಗಡೆ ಮರದ ತುದಿಗಳು ಕೊಂಬಿನಂತೆ ಬಾಗಿ ಎದ್ದಿರುವ ಜಾರುಬಂಡಿಗಳನ್ನು ಅಂದು ಹೆಂಗಸರು ಹೊರತೆಗೆದು, ನಮ್ಮೂರಿಗೂ ಕೆಳಗಿನ ಊರಿಗೂ ಪಂದ್ಯ ಕಟ್ಟುತ್ತೇವೆ. ಒಬ್ಬಳು ಮುಂದೆ ಎರಡು ಕೊಂಬುಗಳ ನಡುವೆ ಕೂತು ಹಿಮ್ಮಡಿ ಊರಿ ದಾರಿ ತಿರುಗಿಸುತ್ತಾಳೆ, ಇನ್ನೊಬ್ಬಳು ಹಿಂದಿನಿಂದ ತಳ್ಳಿ ಹತ್ತಿಕೊಳ್ಳುತ್ತಾಳೆ. ಗೆಲ್ಲಲಿ ಸೋಲಲಿ, ಮುಂದೆ ಕೂತು ಬಂಡಿ ಇಳಿಸಿದವಳ ಕೊಟ್ಟಿಗೆಗೇ ಆ ಬಂಡಿ ಹೋಗಬೇಕು, ಮುಂದಿನ ವರ್ಷದ ಮುಂದಿನ ಜಾಗವೂ ಅವಳದೇ. ಅತ್ತೆಯ ಸೊಂಟ ಕೈಕೊಟ್ಟ ವರ್ಷ ಅದು ನನಗೆ ಬಂತು. ಅಂದಿನಿಂದ ಅಂಗಳದಾಚೆಯ ತಮ್ಮ ಚಿಕ್ಕ ಮನೆಯ ಬಾಗಿಲಲ್ಲಿ ನಿಂತು ಅವರು ನನ್ನ ಕೊಟ್ಟಿಗೆಯ ಕಡೆ ನೋಡುವ ನೋಟವನ್ನು ನಾನು ಮುಪ್ಪಿನ ಬೇಸರವೆಂದೇ ತಿಳಿದಿದ್ದೆ.

ಇನ್ನು ಔಷಧಿಯ ವಿಚಾರ. ಅಂಗಡಿಯ ಮಾತ್ರೆಯೆಂದರೆ ಅತ್ತೆಗೆ ಆಗದು. ಮೊದಲು ಗಟ್ಟಿ ಮೊಸರನ್ನು ಬಟ್ಟೆಗೆ ಬಳಿದು ಕಾಲಿಗೆ ಸುತ್ತಿದರು, ನನ್ನ ಗಂಡ ಕಾರ್ಬಿನಿಯನ್ ಪಾತ್ರೆಯೊಳಗೆ ಇಣುಕಿ, "ಇದು ಊಟಕ್ಕೋ, ಇವಳ ಕಾಲಿಗೋ? ತಿಂದಾದ ಮೇಲೆ ಹೇಳ್ಬೇಡ್ರಮ್ಮ," ಅಂದರು. ಆಮೇಲೆ ಲಟ್ಟಣಿಗೆಯಿಂದ ಜಜ್ಜಿದ ಕೋಸಿನ ಎಲೆ ಕಟ್ಟಿದರು. ಆಮೇಲೆ ಸಾರಾಯಿಯಲ್ಲಿ ನೆನೆಹಾಕಿದ ಆರ್ನಿಕಾ ಹೂವಿನ ಸೀಸೆ ಬಂತು. ಅದನ್ನು ನನ್ನ ಮೊಣಕಾಲಿಗೆ ಸವರಿ, ಇನ್ನೊಂದು ಸೀಸೆಯ ಬರಿ ಸಾರಾಯಿಯನ್ನು ತಾವೇ ಕುಡಿದು, "ನೋಯೋಳಿಗೆ ಹೊರಗಿಂದ, ನೋಡ್ಕೊಳ್ಳೋಳಿಗೆ ಒಳಗಿಂದ," ಎಂದು ಬಾಯಿ ಒರೆಸಿಕೊಂಡರು. ಇಷ್ಟಾದರೂ ಕಾಲು ಕೇಳದಿದ್ದಾಗ, ತಮ್ಮದೇ ಮಾರ್ಮಟ್ ವಂಶದ ಪೂರ್ವಜರೊಬ್ಬರ ಕೊಬ್ಬು ತುಂಬಿದ ಭರಣಿ ನಮ್ಮ ಮನೆಗೆ ದಯಮಾಡಿಸಿತು.

ಮಾನ್ಯರೇ, ಆ ಕೊಬ್ಬಿನ ಪರಿಮಳವನ್ನು ಹೊಗಳಲು ನನ್ನಂಥ ಅಡುಗೆಯವಳ ಭಾಷೆ ಸಾಲದು. ಹೋಟೆಲಿಗೆ ಬಂದವರು ನಾನು ಬೇಯಿಸಿದ ಬ್ರೆಡ್ಡಿನ ಉಂಡೆಯ ತಟ್ಟೆ ಹಿಡಿದು ಹೊರಬಂದರೆ, ಹಿಮ ಬೀಳುತ್ತಿದ್ದರೂ ಹೊರಗಿನ ಬೆಂಚಿಗೆ ಎದ್ದು ಹೋಗುತ್ತಿದ್ದರು. ಊರ ನಾಯಿಗಳೆಲ್ಲ ಹಳೆಯ ನೆಂಟರಂತೆ ನನ್ನ ಹಿಂದೆ ಬಂದವು. ನನ್ನ ಗಂಡ, ಮದುವೆಯಲ್ಲಿ ಪಾದ್ರಿಯ ಮುಂದೆ ಕಷ್ಟಸುಖದಲ್ಲಿ ಜೊತೆಗಿರುತ್ತೇನೆ ಎಂದಿದ್ದವರು, ಇದು ಎರಡೂ ಅಲ್ಲವೆಂದು ಹೇಳಿ ಹಾಸಿಗೆ ಸುತ್ತಿಕೊಂಡು ಹುಲ್ಲಟ್ಟಕ್ಕೆ ಹತ್ತಿದರು. ಆದರೂ ಸತ್ಯ ಹೇಳಬೇಕು: ಒಂದು ದಿನ ಎದ್ದಾಗ ನೋವು ಇರಲಿಲ್ಲ. ನಾನು ಭರಣಿಗೆ ಕೈಮುಗಿದೆ, ಕೊಟ್ಟಿಗೆಗೆ ಹೋಗಿ ಬಂಡಿಯ ಧೂಳು ಕೊಡವಿದೆ.

ಹಿಂದೆ ನಿಂತು ತಳ್ಳುವವಳು ನನ್ನ ನಾದಿನಿ ಜೀಟಾ. ಅವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತು, "ಅತ್ತಿಗೆ, ನೋವು ಹೋಯ್ತು ಅಂದ್ರೆ ಕಾಲು ವಾಪಸ್ ಬಂತು ಅಂತಲ್ಲ. ತಿರುವಿನಲ್ಲಿ ಆ ಕಾಲು ಜಾರಿದ್ರೆ ಇಬ್ರೂ ಹೋಗಿ ಚರ್ಚಿನ ಗೋಡೆಗೆ ಮುತ್ತು ಕೊಡ್ತೀವಿ," ಅಂದಳು.

"ನಿಂಗೆ ಹೆದರಿಕೆ ಆದ್ರೆ ಹೇಳು, ಒಬ್ಬಳೇ ಇಳಿಸ್ತೀನಿ."

"ಒಬ್ಬಳೇ ಯಾಕೆ, ನಾಯಿಗಳಿದಾವಲ್ಲ ತಳ್ಳೋಕೆ."

ಶನಿವಾರ ಸಂಜೆ ಎಲ್ಲರೂ ಸೇರಿ ಚೆನ್ನಾಗಿ ಜಾರಲೆಂದು ಬಂಡಿಯ ಅಡಿಪಟ್ಟಿಗೆ ಹಂದಿಯ ಕೊಬ್ಬಿನ ತೊಗಲು ಉಜ್ಜುತ್ತಿದ್ದಾಗ ಅತ್ತೆ ಕಥೆ ತೆಗೆದರು. ಒಂದಾನೊಂದು ಕಾಲದಲ್ಲಿ ಅವರ ಮುತ್ತಜ್ಜ ಬೇಟೆಗೆ ಹೋಗಿ ಕಾಲು ಮುರಿದುಕೊಂಡು ತಮ್ಮ ಮಾರ್ಮಟ್ ಪೂರ್ವಜರ ಬಿಲದೊಳಕ್ಕೆ ಜಾರಿದನಂತೆ. ಬಿಲದವರು ಬೈಯದೆ ಬಡಿಯದೆ ಸ್ವಲ್ಪ ಸರಿದು ಜಾಗ ಕೊಟ್ಟರಂತೆ. ಮೇಲೆ ಹಿಮ ಮುಚ್ಚಿತಂತೆ. ವಸಂತದಲ್ಲಿ ತಮ್ಮವರು ಆಕಳಿಸುತ್ತ ಹೊರಬಂದಾಗ ಮುತ್ತಜ್ಜನೂ ಆಕಳಿಸುತ್ತ ಅವರ ಹಿಂದೆಯೇ ಬಂದು ನೆಟ್ಟಗೆ ನಡೆದು ಊಟಕ್ಕೆ ಮನೆ ಸೇರಿದನಂತೆ.

"ಕೊಬ್ಬು ಎಷ್ಟು ಹಚ್ಚಿದ್ರಂತೆ ಅತ್ತೆ?" ಎಂದು ಕೇಳಿದೆ.

"ಕೊಬ್ಬೆಲ್ಲಿ ಬಂತೇ? ಅದು ಅವುಗಳ ಮೈಮೇಲೇ ಇತ್ತಲ್ಲ. ಇವ್ನು ಮಲಗಿದ, ಅಷ್ಟೇ. ಕೊಬ್ಬು ನೋವಿನ ಬಾಯಿ ಮುಚ್ಚಿಸುತ್ತೆ ಮಗಳೇ, ಕಾಲು ಕೂಡಿಸೋದು ನಿದ್ದೆ. ನಾಳೆ ಇಳಿದ್ರೆ ಇನ್ನು ಯಾವ ವರ್ಷವೂ ಇಳಿಯಲ್ಲ ನೀನು."

ನಾನು ಎದ್ದು ನಿಂತು ಕಾಲನ್ನು ಮೆಲ್ಲಗೆ ತಿರುಗಿಸಿದೆ. ನೋವಿಲ್ಲ; ಆದರೆ ಒಳಗೆ ಯಾವುದೋ ಒಂದು, ತಿರುಪು ಸಡಿಲಾದ ಬಾಗಿಲಂತೆ, ತನ್ನಷ್ಟಕ್ಕೆ ತಾನು ಓಲಾಡಿತು. ಕಣ್ಣು ತುಂಬಿ ಬಂತು.

"ಜೀಟಾ, ಈ ಸಲ ನಾನು ಇಳಿಸೋದಿಲ್ಲ."

"ಬೇಡ ಅತ್ತಿಗೆ," ಎಂದಳು ಜೀಟಾ. ನನ್ನ ಮುಖ ನೋಡದೆ ಅಡಿಪಟ್ಟಿಯನ್ನು ಮೊದಲಿಗಿಂತ ಜೋರಾಗಿ ಉಜ್ಜುತ್ತಿದ್ದಳು.

ಮಾನ್ಯರೇ, ಮದುವೆಯಾಗಿ ಬಂದಾಗಿನಿಂದ ಆ ಅಡುಗೆಮನೆಯ ಕಥೆಗಳನ್ನೆಲ್ಲ ಕೇಳಿ ಬಾಯಿಪಾಠ ಮಾಡಿದ್ದೇನೆ, ಇದೊಂದನ್ನು ಕೇಳಿರಲಿಲ್ಲ. ಆದ್ದರಿಂದ ಅಂಥ ಅತಿಥಿಯೊಬ್ಬರು ತಮ್ಮಲ್ಲಿ ತಂಗಿದ್ದರೇ ಎಂಬುದನ್ನು ಮನೆಯ ಹಿರಿಯರನ್ನು ಎಬ್ಬಿಸಿ ವಿಚಾರಿಸಿ ತಿಳಿಸಬೇಕಾಗಿ ವಿನಂತಿ. ಮುಂದಿನ ವರ್ಷದಿಂದ ಕಾರ್ನಿವಲ್ ಭಾನುವಾರದ ಮುನ್ನಾದಿನ ತಾವು ಒಂದು ಗಳಿಗೆ ಎದ್ದು, ಹದ್ದನ್ನು ಕಂಡಾಗ ಹಾಕುವ ಆ ಎಚ್ಚರಿಕೆಯ ಸಿಳ್ಳೆಯನ್ನು ನನ್ನ ಅತ್ತೆ ಕಥೆ ಶುರು ಮಾಡಿದಾಗಲೂ ಹಾಕಬೇಕು. ಎರಡೂ ಆಗದಿದ್ದಲ್ಲಿ, ಬರುವ ಚಳಿಗಾಲಕ್ಕೆ ಬಿಲದಲ್ಲಿ ನನಗೊಂದು ಮೂಲೆ ಕಾಯ್ದಿರಿಸಬೇಕು. ಗೊರಕೆ ಹೊಡೆಯುವುದಿಲ್ಲ, ವಾಸನೆಯ ಬಗ್ಗೆ ತಕರಾರಿಲ್ಲ.

ಕಥೆ ಕೇಳಿದವರೂ ಹೇಳಿದವರೂ ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ಹೇಳಿ ಮುಗಿಸುತ್ತೇನೆ. ನಾನು ಮಲಗಿದ್ದೆ. ಗಂಡ ಅಟ್ಟದಲ್ಲಿ ಮಲಗಿದ್ದರು. ಊರಿನ ವಾದ್ಯದ ಸದ್ದಿಗೆ ಎಚ್ಚರವಾಗಿ ಕುಂಟುತ್ತ ಕಿಟಕಿಗೆ ಬಂದರೆ, ಇಳಿಜಾರಿನ ನೆತ್ತಿಯಿಂದ ಕೊಂಬಿನ ಬಂಡಿಯೊಂದು ಹಿಮ ಎರಚುತ್ತ ಬರುತ್ತಿತ್ತು. ಹಿಂದೆ ಜೀಟಾ. ಮುಂದೆ, ಕೊಂಬುಗಳ ನಡುವೆ, ತಲೆವಸ್ತ್ರ ಬಾವುಟದಂತೆ ಹಾರಿಸಿಕೊಂಡು, ಎಂಬತ್ತು ದಾಟಿದ ನೊಟ್‌ಬುರ್ಗಾ. "ದಾರಿ ಬಿಡ್ರೇ! ಸೊಂಟ ಇಲ್ದೋಳು ಬರ್ತಿದೀನಿ!" ಎಂಬ ಕೂಗು ಕಣಿವೆಗೆಲ್ಲ ಕೇಳಿಸಿತು. ಕೆಳಗಿನ ಊರಿನವರು ತಿರುವಿನಲ್ಲಿ ಇನ್ನೂ ಹಿಮ ತಿನ್ನುತ್ತಿದ್ದರು. ಬಂಡಿ ಚರ್ಚಿನ ಗೋಡೆಯನ್ನು ಕೂದಲೆಳೆಯಲ್ಲಿ ತಪ್ಪಿಸಿ, ಗೆರೆ ದಾಟಿ, ಚಪ್ಪಾಳೆಗೂ ನಿಲ್ಲದೆ ನಮ್ಮ ಅಂಗಳಕ್ಕೆ ನುಗ್ಗಿ, ನನ್ನ ಕೊಟ್ಟಿಗೆಯ ಮುಂದಿನಿಂದಲೇ ಹಾದು, ನೇರ ಅತ್ತೆಯ ಸೌದೆಮನೆಯೊಳಕ್ಕೆ ಹೋಯಿತು. ಆಮೇಲೆ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ಇಂತಿ,
ತಮ್ಮ ವಿಶ್ವಾಸಿ,
ಫಿಲೊಮೆನಾ

ತಾ.ಕ.: ಅತ್ತೆಗೆ ಅಂದಿನಿಂದ ಸೊಂಟ ಹಿಡಿದಿದೆ. ಮಗ್ಗುಲಲ್ಲಿ ಕೂತು ಮುತ್ತಜ್ಜನ ಕಥೆಯನ್ನು ಭಕ್ತಿಯಿಂದ ನೆನಪಿಸಿ, ವಸಂತದವರೆಗೆ ಸುಮ್ಮನೆ ಮಲಗಿ ಎಂದೆ. "ಕಥೆ ಇರ್ಲಿ ಕಣೇ, ಕೊಬ್ಬು ತಾ," ಅಂದರು. ಭರಣಿ ಖಾಲಿಯಾಗಿದೆ, ನನ್ನ ಗಂಡ ಈಗಿನಿಂದಲೇ ಕೋವಿ ಒರೆಸುತ್ತಿದ್ದಾರೆ. ತಮ್ಮ ಆರೋಗ್ಯದ ಮೇಲಿನ ಕಾಳಜಿಯಿಂದ ಹೇಳುತ್ತಿದ್ದೇನೆ: ಈ ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ ತಿನ್ನಿ.