ನಿಮ್ಮ ಮನ್ಯಾಗ ಸೋಲಾರ್ ಅದಾ?

ಬಿಸಿಲು ಮಾರಲು ಹೊರಟವನು ನಗಲಿಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹೋದಲ್ಲೆಲ್ಲ ಒಂದಿಲ್ಲೊಂದು ನಡೆದೇ ಇರುತ್ತದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಸೇಡಂನ ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲೇ ಸೋಲಾರ್ ದೀಪದ ಏಜೆನ್ಸಿ ಹಿಡಿದೆ. ಮಾಳಿಗೆ ಮೇಲೊಂದು ಪ್ಯಾನೆಲ್, ಮನೆ ಮೂಲೆಯಲ್ಲೊಂದು ಬ್ಯಾಟರಿ, ನಾಲ್ಕು ದೀಪ. ಹಗಲಿನ ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟು ಸಂಜೆಗೆ ಉರಿಸುವುದು. ನಮ್ಮ ಕಡೆ ಬಿಸಿಲಿಗೆ ಕೊರತೆಯೇ? ಸಾಮಾನು ತಾನಾಗಿ ಖರ್ಚಾಗುತ್ತದೆ ಎಂದುಕೊಂಡಿದ್ದೆ.

ಆದರೆ ಗಿರಾಕಿಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಮಿಸ್ತ್ರಿ, ನಿಮ್ಮ ಮನ್ಯಾಗ ಸೋಲಾರ್ ಅದಾ?”

ಇರಲಿಲ್ಲ. ನಮ್ಮಾಕೆ ಒಪ್ಪಿರಲಿಲ್ಲ. “ಮಾಳಗಿ ಮ್ಯಾಲಿನ ಬಿಸಿಲು ನಂದು. ಹಪ್ಪಳ, ಸಂಡಿಗಿ, ಮೆಣಸಿನಕಾಯಿ ಎಲ್ಲಾ ಅಲ್ಲೇ ಒಣಗಬೇಕು. ಇದು ಬರಾಬರ್ ಅದನೋ ಇಲ್ಲೋ ನಾ ಮೊದಲ ನೋಡ್ತೀನಿ, ಆಮ್ಯಾಲ ಹೇಳ್ತೀನಿ” ಎಂದುಬಿಟ್ಟಿದ್ದಳು. ಇತ್ತ ಗುಲ್ಬರ್ಗಾದ ಡೀಲರು, ಸಂಕ್ರಾಂತಿಯೊಳಗೆ ಒಂದು ಊರಾದರೂ ಹಿಡಿಯದಿದ್ದರೆ ಏಜೆನ್ಸಿ ಬೇರೆಯವರಿಗೆ ಹೋಗುತ್ತದೆ ಎಂದು ತಾಕೀತು ಮಾಡಿದ್ದರು. ರೇಡಿಯೋ ರಿಪೇರಿಗೆ ಬರುವವರು ಆಗಲೇ ಕಡಿಮೆಯಾಗಿದ್ದರು. ಇದೂ ಕೈಬಿಟ್ಟರೆ ನಾನು ಮನೆಯಲ್ಲಿ ಕೂತು ಆಕೆಯ ಸಂಡಿಗೆ ಕಾಯಬೇಕಿತ್ತು.

ವಾಡಿಯ ಗಿಲಾವು

ನನ್ನ ಮೊದಲ ಗಿರಾಕಿ ವಾಡಿಯಲ್ಲಿ ರೈಲ್ವೆ ನೌಕರಿಯಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರು. ಬಹಳ ಶಿಸ್ತಿನ ಮನುಷ್ಯ. ಪ್ಯಾನೆಲ್ ನಿಲ್ಲಿಸಲು ಮಾಳಿಗೆ ಮೇಲೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿಸಿದ್ದೆವು. ತಿಂಗಳಾಗುವಷ್ಟರಲ್ಲಿ ದೀಪ ಮಂಕಾಯಿತೆಂದು ಹೇಳಿ ಕಳಿಸಿದರು.

ಹತ್ತಿ ನೋಡಿದರೆ ಗಾಜೇ ಕಾಣುತ್ತಿಲ್ಲ. ಪ್ಯಾನೆಲ್ ಮೇಲೆ ಬೂದು ಬಣ್ಣದ ಗಟ್ಟಿ ಪದರ ಕೂತಿದೆ.

“ಇದಕ್ಕೇನು ಮಾಡಿದ್ರಿ?” ಎಂದೆ.

“ಹೊಸಾ ಕಟ್ಟೀಗೆ ಇಪ್ಪತ್ತೊಂದು ದಿನ ನೀರು ಹೊಡೀಬೇಕಂತ ಗೌಂಡಿ ಹೇಳಿದ್ದ. ಕಟ್ಟೀಗೂ ಹೊಡದೆ, ಇದಕ್ಕೂ ಹೊಡದೆ. ಒಂದು ದಿನಾನೂ ತಪ್ಪಿಸಿಲ್ರಿ.”

ವಾಡಿ ಸಿಮೆಂಟ್ ಕಾರ್ಖಾನೆಯ ಊರು, ಗಾಳಿಯಲ್ಲಿ ಸಿಮೆಂಟಿನ ಪುಡಿ ಇದ್ದೇ ಇರುತ್ತದೆ. ಹಗಲೆಲ್ಲ ಪುಡಿ ಕೂತಿದೆ, ಸಂಜೆ ಇವರು ನೀರು ಹೊಡೆದಿದ್ದಾರೆ, ಬೆಳಗಾಗುವಷ್ಟರಲ್ಲಿ ಅದು ಬಿಗಿದಿದೆ. ಇಪ್ಪತ್ತೊಂದು ದಿನಕ್ಕೆ ಪ್ಯಾನೆಲ್ಲಿಗೆ ಒಳ್ಳೇ ಗಿಲಾವು ಆಗಿತ್ತು! ಯಾವ ಗೌಂಡಿಯೂ ಅಷ್ಟು ಸಮ ಹಚ್ಚಲಾರ.

ಮನೆಗೆ ಬಂದು ಹೇಳಿದಾಗ ನಮ್ಮಾಕೆ ನಗಲೇ ಇಲ್ಲ. “ತಾಮ್ರದ ಕೊಡಾ ತಿಕ್ಕೂ ಹಂಗ ಹುಣಸಿ ಹಣ್ಣಿನ ರಸ ಹಚ್ಚಿ ನೆನಿಲಿಕ್ಕ ಬಿಡ್ರಿ” ಎಂದಳು. ಮರುದಿನ ಹಾಗೇ ಮಾಡಿದೆ. ಅರ್ಧ ದಿನ ತಿಕ್ಕಿದ ಮೇಲೆ ಗಾಜು ಹೊರಬಂತು. ಹಿರಿಯರು ಕಟ್ಟೆಯನ್ನು ಒಮ್ಮೆ, ಗಾಜನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು: “ಏನೇ ಅನ್ರಿ ಮಿಸ್ತ್ರಿ, ಕಟ್ಟೀಗಿಂತ ಇದಽ ಗಟ್ಟಿ ಆಗಿತ್ತು.”

ನೆರಳಿಗೆ ಕಟ್ಟಿದ ಪ್ಯಾನೆಲ್

ಚಿಂಚೋಳಿ ಆಚೆ, ಚಂದ್ರಂಪಳ್ಳಿ ಕೆರೆಯ ಹತ್ತಿರ ಒಬ್ಬ ರೈತರ ಮನೆ. ಏಪ್ರಿಲ್ ತಿಂಗಳು, ಕಾಲಿಟ್ಟರೆ ನೆಲ ಸುಡುವ ಹೊತ್ತು. ದೀಪ ಹತ್ತುತ್ತಿಲ್ಲ ಎಂದು ಕರೆಸಿದ್ದರು. ಹೋಗಿ ನೋಡಿದರೆ ಪ್ಯಾನೆಲ್ಲಿಗೆ ತೊಗರಿ ಕಟ್ಟಿಗೆಯ ಚಪ್ಪರ, ಮೇಲೆ ಒದ್ದೆ ಗೋಣಿಚೀಲ!

“ಯಜಮಾನ್ರ, ಇದೇನ್ರಿ?”

“ಇಂಥಾ ಬಿಸಿಲಾಗ ಎಮ್ಮೀನ ನೆಳ್ಳಿಗೆ ಕಟ್ತೀವಿ. ಇಷ್ಟು ಜತನದಿಂದ ತಂದಿದ್ದು, ಇದನ್ನ ಸುಡಾ ಬಿಸಿಲಾಗ ಬಿಡ್ತೀವೇನ್ರಿ?”

ಇದು ಬಿಸಿಲನ್ನೇ ತಿಂದು ಬದುಕುವ ಪ್ರಾಣಿ ಎಂದು ತಿಳಿಸಿ ಹೇಳಿದೆ. ಅವರು ತಾವೇ ಹತ್ತಿ ಚಪ್ಪರ ಕಿತ್ತುಹಾಕಿದರು. ಇಳಿದು ಬಂದವರು ಕೈ ಝಾಡಿಸಿಕೊಳ್ಳುತ್ತ ಕೇಳಿದರು, “ಬಿಸಿಲು ತಿಂತದಂದ್ರ, ಮಳಿ ಹಿಡದಾಗ ಉಪಾಸೇನ್ರಿ?”

ಎಂಥ ಪ್ರಶ್ನೆ! ಗುಲ್ಬರ್ಗಾದಲ್ಲಿ ನಡೆದ ನಮ್ಮ ತರಬೇತಿಯಲ್ಲಿ ಇಪ್ಪತ್ತು ಮಂದಿ ಕೂತಿದ್ದೆವು, ಒಬ್ಬನೂ ಇದನ್ನು ಕೇಳಿರಲಿಲ್ಲ. ಸೋಲಾರ್ ಹಾಕಿಸಬೇಕೋ ಬೇಡವೋ ಎಂಬುದರ ತಿರುಳೇ ಅದು. “ಎರಡು ದಿನದ ಬುತ್ತಿ ಬ್ಯಾಟರಿಯೊಳಗ ಇರ್ತದ್ರಿ” ಎಂದೆ.

“ಮೂರನೇ ದಿನ?”

ಅವರೇ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು: “ಇರ್ಲಿ ಬಿಡ್ರಿ. ಅದು ಎರಡು ದಿನ ದುಡದಿರ್ತದ, ಮೂರನೇ ದಿನ ನಾವಽ ಸಂಜೀಗೇ ಲಗೂ ಮಲ್ಕೋತೀವಿ.”

ಮಡಿ ಬ್ಯಾಟರಿ

ಚಿತ್ತಾಪುರದ ಒಂದು ವೈಷ್ಣವ ಮನೆಯಲ್ಲಿ ಬ್ಯಾಟರಿ ಇಡಲು ಜಾಗ ಸಿಕ್ಕಿದ್ದು ದೇವರ ಕೋಣೆಯಲ್ಲೇ. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬೇರೆ ನೀರು ಸಲ್ಲ. ಮನೆಯ ಮಾಸ್ತರರಿಗೆ ಬಾಟಲಿ ಕೊಟ್ಟು ಬಂದಿದ್ದೆ. ಎರಡು ತಿಂಗಳ ನಂತರ ಹೋದರೆ ಬಾಟಲಿ ಹಾಗೇ ಇದೆ, ಬ್ಯಾಟರಿ ಮಾತ್ರ ತುಂಬಿ ತುಳುಕುತ್ತಿದೆ.

ಮಾಸ್ತರರ ತಾಯಿ ಬಾಗಿಲಲ್ಲೇ ನಿಂತು ಹೇಳಿದರು, “ಕಾರಖಾನಿ ನೀರು ದೇವರ ಮನಿಯಾಗ ನಡಿಯೂದಿಲ್ಲಪಾ. ಮುಂಜಾನೆ ಮಡೀಲೆ ಸೇದಿದ ಬಾವಿ ನೀರು ನಾನಽ ಹಾಕೀನಿ. ಇದಕ್ಕಿಂತಾ ಶುದ್ಧ ಎಲ್ಲಿ ಸಿಗ್ತದ?”

ಸುಣ್ಣಗಲ್ಲಿನ ನೆಲದ ಬಾವಿ ನೀರು! ಅಮ್ಮನವರ ಮಡಿಯಲ್ಲಿ ಲೋಪವಿರಲಿಲ್ಲ, ಬ್ಯಾಟರಿ ಮಾತ್ರ ಕೆಟ್ಟಿತ್ತು. ಬದಲಿ ಬ್ಯಾಟರಿ ಕೂಡಿಸುವಾಗ, ನೀರು ಕಾದು ಹಬೆಯಾಗಿ ಮತ್ತೆ ನೀರಾದರೆ ಅದರೊಳಗಿನ ಸುಣ್ಣ ಹಿಂದೆ ಉಳಿಯುತ್ತದೆ, ಬೇಕಾಗಿರುವುದು ಅಂಥ ನೀರು ಎಂದು ವಿವರಿಸಿದೆ. ಎಂಬತ್ತು ದಾಟಿದ ಆ ತಾಯಿ ಕಣ್ಣು ಮುಚ್ಚಿ ಕೇಳಿಸಿಕೊಂಡು, “ಹಂಗಾರ ಮಳಿ ನೀರು ಅಂತ ಅನ್ನು. ಸೂರ್ಯ ಕಾಸಿದ್ದು, ಮ್ಯಾಲಿಂದ ಇಳದದ್ದು” ಎಂದರು.

ನಾನು ದಂಗಾದೆ. ಶಾಲೆಯ ಮೆಟ್ಟಿಲು ಹತ್ತದವರು ಒಂದೇ ಮಾತಿನಲ್ಲಿ ನನ್ನ ವಿವರಣೆಯನ್ನೆಲ್ಲ ದಾಟಿ ಹೋಗಿದ್ದರು. ಆ ಮಳೆಗಾಲ ಅವರು ಅಂಗಳದ ನಡುವೆ ಪಿಂಗಾಣಿ ಭರಣಿಗಳನ್ನಿಟ್ಟು, ಮೊದಲ ಮಳೆಯನ್ನು ಚೆಲ್ಲಿ, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ತುಂಬಿಸಿದರು. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಮಾಸ್ತರರು ಮಾತ್ರ ದಾರಿಯಲ್ಲಿ ಸಿಕ್ಕಾಗ ಮುಖ ಸಣ್ಣದು ಮಾಡಿಕೊಂಡು ಹೇಳಿದರು: “ಭರಣಿ ಎಲ್ಲಾ ಬ್ಯಾಟರಿಗೆ ಹೋಗ್ಯಾವ್ರಿ. ಈ ವರ್ಷ ನಮಗ ಉಪ್ಪಿನಕಾಯಿ ಇಲ್ಲ.”

ಸಂಡಿಗೆ ಪರೀಕ್ಷೆ

ದೀಪಾವಳಿ ಮುಗಿದು ಬಿಸಿಲು ತಿಳಿಯಾದಾಗ ನಮ್ಮಾಕೆ ಅರ್ಧ ಒಪ್ಪಿದಳು. ನಾನು ದಿಕ್ಸೂಚಿ ಹಿಡಿದು, ದಕ್ಷಿಣ ನೋಡಿ, ಮಾಳಿಗೆಯ ಒಂದು ಮೂಲೆಯಲ್ಲಿ ಸುಣ್ಣದಿಂದ ಗುರುತು ಹಾಕಿದೆ. ಆಕೆ ನಾಲ್ಕು ಮೂಲೆಗೆ ನಾಲ್ಕು ತಾಟು ಸಂಡಿಗೆ ಇಟ್ಟಳು.

ಸಂಜೆ ನನ್ನನ್ನು ಮೇಲೆ ಕರೆದಳು. ಮೂರು ತಾಟಿನ ಸಂಡಿಗೆ ಗರಿಗರಿ. ನನ್ನ ಗುರುತಿನ ಮೇಲಿದ್ದ ತಾಟಿನದು ಒತ್ತಿದರೆ ಬೆರಳಿಗೆ ಅಂಟುತ್ತಿದೆ.

“ಎರಡು ಗಂಟೆ ಆದ ಮ್ಯಾಲ ಬಾಜೂ ಮನಿ ನೀರಿನ ಟಾಕಿ ನೆಳ್ಳು ಇಲ್ಲೇ ಬೀಳ್ತದ. ಹನ್ನೆರಡು ವರ್ಷ ಈ ಮಾಳಗಿ ಮ್ಯಾಲ ಕೂತೀನಿ, ನನ್ನ ಒಂದು ಮಾತು ಕೇಳಬಾರದೇನ್ರಿ?”

ನಿಜ ಹೇಳುತ್ತೇನೆ, ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು. ಆಕೆ ತೋರಿಸಿದ ಮೂಲೆಯಲ್ಲೇ ಪ್ಯಾನೆಲ್ ಕೂತಿತು. ಅಂದಿನಿಂದ ಎಲ್ಲ ಗಿರಾಕಿಗಳಿಗೂ ಮೊದಲು ಸಂಡಿಗೆ ಇಡಲು ಹೇಳತೊಡಗಿದೆ. ಶಹಾಬಾದಿನ ಒಂದು ಓಣಿಯಲ್ಲಂತೂ ಏಳು ಮನೆಯವರು ಪರೀಕ್ಷೆ ಮಾಡಿದರು. ಸೋಲಾರ್ ಒಬ್ಬರೂ ತಗೊಳ್ಳಲಿಲ್ಲ, ಆದರೆ ಏಳೂ ಮನೆಯ ಸಂಡಿಗೆ ನಮ್ಮ ಮನೆಗೆ ಬಂತು.

ಕುರಕುಂಟಾದ ಗೌಡರು

ಸಂಕ್ರಾಂತಿಗೆ ನಾಲ್ಕೇ ದಿನ ಉಳಿದಿತ್ತು. ಒಂದು ಊರೂ ಕೈಗೆ ಬಂದಿರಲಿಲ್ಲ. ಆಗ ಕುರಕುಂಟಾದ ಗೌಡರೊಬ್ಬರು, “ನಿಮ್ಮ ಮನ್ಯಾಗಿಂದು ನೋಡಿ ತೀರ್ಮಾನ ಮಾಡ್ತೀನಿ. ನಾ ತಗೊಂಡ್ರ ಊರು ತಗೋತದ” ಎಂದು ಹೇಳಿ ಕಳಿಸಿದರು. ಇದೇ ಕೊನೆಯ ಅವಕಾಶ ಎಂದು ನನಗೆ ಗೊತ್ತಿತ್ತು.

ಅವರು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಓಣಿಯಲ್ಲಿ ಕರೆಂಟ್ ಹೋಗಿತ್ತು, ನಮ್ಮ ಮನೆ ಮಾತ್ರ ಬೆಳಗುತ್ತಿತ್ತು. ಆದರೆ ಗೌಡರಿಗೆ ಕೂಡಲು ಜಾಗವಿಲ್ಲ! ಎದುರು ಮನೆಯಾಕೆ ಜೋಳ ಹಸನು ಮಾಡುತ್ತಿದ್ದಾಳೆ. ಮೂಲೆಮನೆಯ ದರ್ಜಿ ಮಷೀನನ್ನೇ ಹೊತ್ತು ತಂದಿದ್ದಾನೆ. ಒಂದು ದೀಪದ ಕೆಳಗೆ ಹಪ್ಪಳ ಲಟ್ಟಿಸುತ್ತಿದ್ದಾರೆ, ಇನ್ನೊಂದರ ಕೆಳಗೆ ಹಜಾಮತಿ ನಡೆದಿದೆ.

“ಏನ್ ತಂಗಿ, ಮನ್ಯಾಗ ಮದುವಿ ಅದಾ?” ಎಂದು ಗೌಡರು ನಮ್ಮಾಕೆಯನ್ನು ಕೇಳಿದರು.

“ಇಲ್ರಿ ಗೌಡ್ರ. ಕರೆಂಟ್ ಹೋದ್ರ ದಿನಾ ಹಿಂಗಽ. ಬರ್ರಿ, ಆ ಜೋಳದ ಚೀಲದ ಮ್ಯಾಲ ಕುಂದ್ರಿ.”

ಗೌಡರು ಕೂತರು. “ತಗೊಳ್ಳೂದು ಚಲೋನೋ ಬ್ಯಾಡೋ? ನೀ ಖರೇ ಹೇಳು.”

ನಮ್ಮಾಕೆ ಶುರು ಹಚ್ಚಿದಳು. ಮೋಡ ಕವಿದರೆ ದೀಪ ಮಂಕು, ಫ್ಯಾನು ಹಚ್ಚಿದರೆ ಬಹಳ ಹೊತ್ತು ತಿರುಗುವುದಿಲ್ಲ, ಬ್ಯಾಟರಿಗೆ ಆಯುಷ್ಯ ಕಡಿಮೆ, ನೀರು ಹಾಕುವುದು ಮರೆತರೆ ಕೆಟ್ಟಿತು, ದಿನಾ ಧೂಳು ಒರೆಸಬೇಕು. ನಾನು ಗೌಡರ ಹಿಂದೆ ನಿಂತು ಸಾಕು ಸಾಕೆಂದು ಕಣ್ಸನ್ನೆ ಮಾಡಿದೆ.

“ಯಾಕ್ರಿ, ಕಣ್ಣಾಗ ಕಸಾ ಬಿತ್ತೇನು?” ಎಂದಳು ಎಲ್ಲರೆದುರು.

ಹಜಾಮತಿ ನಿಂತಿತು, ಮಷೀನೂ ನಿಂತಿತು. ಆಕೆ ಗೌಡರತ್ತ ತಿರುಗಿ, “ಇಷ್ಟೆಲ್ಲಾ ಅದಽ ರೀ. ಆದ್ರ ಇದು ಬಂದ ಮ್ಯಾಲ ನಮ್ಮನಿಯಾಗ ಎಣ್ಣಿ ಚಿಮಣಿ ಹಚ್ಚಿಲ್ಲ, ಒಂದು ಸಂಜೀನೂ ಕೈಕಟ್ಟಿ ಕುಂತಿಲ್ಲ. ನಾ ಅಂತೂ ವಾಪಸ್ ಕೊಡಂಗಿಲ್ಲ” ಎಂದಳು.

ಆ ಕ್ಷಣ ಏಜೆನ್ಸಿ ಹೋದರೂ ಹೋಗಲಿ ಅನ್ನಿಸಿತು ನನಗೆ, ಅಷ್ಟು ಅಭಿಮಾನ ಉಕ್ಕಿತ್ತು.

ಗೌಡರು ಚಹಾ ಕುಡಿದರು. ಜೋಳ ಹಸನು ಮಾಡುವವಳನ್ನು, ದರ್ಜಿಯನ್ನು, ಅರ್ಧ ಗಡ್ಡ ಉಳಿದಿದ್ದವನನ್ನು, ಹಪ್ಪಳದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಎದ್ದು ರುಮಾಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಮಿಸ್ತ್ರಿ, ನಮ್ಮ ಓಣ್ಯಾಗ ಹನ್ನೊಂದು ಮನಿ ಅವ. ಮೊದಲ ನಮ್ಮದು ಬಿಟ್ಟು ಉಳಿದ ಹತ್ತೂ ಮನಿಗೆ ಹಾಕ್ರಿ, ಇಲ್ಲಾಂದ್ರ ನಮ್ಮನಿಯಾಗೂ ನಾನಽ ಚೀಲದ ಮ್ಯಾಲ ಕುಂದ್ರಬೇಕಾಗ್ತದ. ಅವು ಹತ್ತೂ ಹತ್ತಿ ಉರಿದ ಮ್ಯಾಲಽ ನಮ್ಮನಿಗೆ ಬರ್ರಿ.”