ಸ್ಕ್ವೈರ್ ಜೆತ್ರೋ ಸೋತ ದಿನ

ಜೆತ್ರೋ ಪಿಕರಿಂಗ್ ಈ ಸಲದ ಚುನಾವಣೆಯಲ್ಲಿ ಸೋಲಲೇಬೇಕಾಗಿತ್ತು. ಗೆದ್ದರೆ ಹೆಂಡತಿ ಕೆಜಾಯ ಮನೆ ಬಿಟ್ಟು ಕೆಂಟಕಿಯ ಅಣ್ಣನ ಬಳಿಗೆ ಹೊರಡುವವಳಿದ್ದಳು. ಸುಮ್ಮನೆ ಬೆದರಿಸುವ ಪೈಕಿ ಅವಳಲ್ಲ.

ಅಮೆರಿಕದ ಇಲಿನಾಯ್ ಹುಲ್ಲುಗಾವಲಿನ ಆ ಊರಿಗೆ ಎಲ್ಲರಿಗಿಂತ ಮೊದಲು ಬಂದು, ಮರ ಕಡಿದು, ದಿಮ್ಮಿಯ ಮನೆ ಕಟ್ಟಿದವನು ಜೆತ್ರೋ. ಮೊದಲು ಬಂದ ತಪ್ಪಿಗೆ ಊರವರು ಅವನನ್ನೇ ನ್ಯಾಯ ಹೇಳುವ ಸ್ಕ್ವೈರ್ ಮಾಡಿ ಕೂರಿಸಿದ್ದರು. ಅಲ್ಲಿ ಹಂದಿಗಳನ್ನು ಕಾಡಿಗೆ ಬಿಟ್ಟು ಮೇಯಿಸುವುದು ರೂಢಿ. ಕಿವಿಯ ಮೇಲೆ ಕತ್ತರಿಸಿದ ಗುರುತು ನೋಡಿ ಯಾರ ಹಂದಿ ಎಂದು ತಿಳಿಯಬೇಕು, ಆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗಾಗಿ ಬೆಳಗಾಗುವ ಮೊದಲೇ ಜಗಳಗಾರರು ಅವನ ಬಾಗಿಲಿಗೆ ಬಂದು, ಕೆಜಾಯ ಸುಟ್ಟ ಮುಸುಕಿನ ಜೋಳದ ರೊಟ್ಟಿ ತಿಂದು, ತೀರ್ಪು ಸರಿಯಿಲ್ಲವೆಂದು ಗೊಣಗುತ್ತ ಹೋಗುತ್ತಿದ್ದರು. ಹೊಲ ಮಾತ್ರ ಬಿತ್ತದೆ ಬಿದ್ದಿತ್ತು.

"ಸ್ಕ್ವೈರ್‌ಗಿರಿ ಬೇಕೋ, ನಾನು ಬೇಕೋ? ಸಂಜೆಯೊಳಗೆ ತೀರ್ಮಾನ ಆಗ್ಲಿ," ಎಂದಿದ್ದಳು ಕೆಜಾಯ, ಮತದಾನದ ದಿನ ಬೆಳಿಗ್ಗೆ.

"ನೀನೇ ಬೇಕು ಮಾರಾಯ್ತಿ. ನಿಲ್ಲಲ್ಲ ಅಂತ ಹೇಳಿದೀನಿ. ದೊಡ್ಡೋರು ಹಾಗೇ ಹೇಳೋದು ಅಂತ ನಗ್ತಾರೆ."

"ಹಾಗಾದ್ರೆ ಸೋತು ಬಾ."

ಮತದಾನ ಗಿರಣಿಯ ಅಂಗಳದಲ್ಲಿ. ಗುಟ್ಟಿನ ವ್ಯವಹಾರವೇನಿಲ್ಲ. ಗುಮಾಸ್ತನ ಮುಂದೆ ನಿಂತು ಗಟ್ಟಿಯಾಗಿ ಹೆಸರು ಹೇಳಬೇಕು. ಹೇಳಿಸಿಕೊಂಡವನು ಎದ್ದು ತಲೆಬಾಗಬೇಕು. ಎದುರಾಳಿ ಲೆಮ್ಯುಯೆಲ್ ಸ್ಟಾಡರ್ಡ್, ಊರಿನ ಕಮ್ಮಾರ, ಒಂದು ಪೀಪಾಯಿ ವಿಸ್ಕಿ ತಂದಿಟ್ಟಿದ್ದ. ಜೆತ್ರೋ ಬರಿಗೈಲಿ ಬಂದು ನೆಮ್ಮದಿಯಿಂದ ಕೂತ.

ನೆರೆಯ ಈನಕ್ ಲೆಮ್ಯುಯೆಲನ ವಿಸ್ಕಿ ಕುಡಿದು ಇತ್ತ ಬಂದ. "ಏನು ಸ್ಕ್ವೈರ್, ನಿನ್ನ ಕಡೆಯಿಂದ ಒಂದು ಗುಟುಕೂ ಇಲ್ವಾ?"

"ಇಲ್ಲ. ಮೊನ್ನೆಯ ಹಂದಿ ಜಗಳ ಇದೆಯಲ್ಲ, ಅದರಲ್ಲಿ ಕಳ್ಳ ನೀನೇ ಅಂತ ನನಗನ್ಸುತ್ತೆ."

ಈನಕ್ ಗಡ್ಡ ಕೆರೆದುಕೊಂಡು ಯೋಚಿಸಿದ. ನಂತರ ಗುಮಾಸ್ತನ ಮುಂದೆ ಹೋಗಿ, "ಮುಖದ ಮೇಲೆ ಹೇಳೋ ಗಂಡಸು. ನನ್ನ ಮತ ಜೆತ್ರೋ ಪಿಕರಿಂಗ್‌ಗೆ," ಎಂದ. ಅವನ ಹಿಂದೆ ಇನ್ನೂ ಹಲವರು ಹಾಗೇ ಎಂದರು. ಜೆತ್ರೋ ಪ್ರತಿ ಸಲವೂ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಎದ್ದು ತಲೆಬಾಗಿದ.

ಸಂಜೆಗೆ ಇಬ್ಬರದೂ ಸಮ. ಮತ ಹಾಕಲು ಉಳಿದವರು ಅಭ್ಯರ್ಥಿಗಳಿಬ್ಬರೇ. ಅಭ್ಯರ್ಥಿಯಾದವನು ಎದುರಾಳಿಗೇ ಮತ ಹಾಕುವುದು ಅಲ್ಲಿಯ ಮರ್ಯಾದೆ. ಜೆತ್ರೋ ಆಸೆಯಿಂದಲೇ "ಲೆಮ್ಯುಯೆಲ್ ಸ್ಟಾಡರ್ಡ್" ಎಂದ. ಇನ್ನು ಲೆಮ್ಯುಯೆಲ್ ಮರ್ಯಾದಸ್ಥನಾದರೆ ಮತ್ತೆ ಸಮ, ಮತ್ತೆ ಚುನಾವಣೆ. ಲೆಮ್ಯುಯೆಲ್ ನೆಲ ನೋಡುತ್ತ ತನ್ನ ಹೆಸರನ್ನೇ ಹೇಳಿಕೊಂಡ.

ಜನ ಛೀ ಎಂದರು. ಜೆತ್ರೋಗೆ ಮಾತ್ರ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಯಾರಾದರೂ ಮಾತಾಡಿಸುವ ಮೊದಲೇ ಮನೆಯತ್ತ ಓಡಿದ.

"ಸೋತೆ ಕಣೇ," ಎಂದ ಬಾಗಿಲಲ್ಲೇ.

ಕೆಜಾಯಳ ಮುಖ ಅರಳಿತು. ಅದನ್ನು ಕಂಡು ಬಹಳ ಕಾಲವಾಗಿತ್ತು. ಜೆತ್ರೋಗೆ ಮದುವೆಯ ದಿನ ನೆನಪಾಯಿತು. "ಕೂತ್ಕೋ. ಇವತ್ತು ನಮ್ಮಿಬ್ಬರಿಗೇ ಊಟ. ಬೆಳಿಗ್ಗೆ ಬಿತ್ತನೆ ಶುರು ಮಾಡೋಣ," ಎಂದಳು.

ತಟ್ಟೆ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಗದ್ದಲ. ಈನಕ್, ಅವನ ಹಿಂದೆ ಅರ್ಧ ಊರು.

"ಕಣ್ಣೀರು ಹಾಕ್ಕೊಂಡು ಹೋದೆಯಲ್ಲ ಸ್ಕ್ವೈರ್, ನಮಗೆ ತಡೀಲಿಲ್ಲ," ಎಂದ ಈನಕ್. "ನಿನ್ನಂಥೋನನ್ನ ಬರಿಗೈಲಿ ಕಳಿಸೋಕಾಗುತ್ತಾ? ಊರಿನ ಇನ್ನೊಂದು ಹುದ್ದೆಗೆ ಎಲ್ಲರೂ ಒಟ್ಟಿಗೆ ನಿನ್ನ ಹೆಸರು ಕೂಗಿದ್ವಿ. ಇವತ್ತಿಂದ ಊರಿನ ದೊಡ್ಡಿ ಕಾಯೋ ಕೆಲಸ ನಿಂದು. ಯಾರದ್ದು ಅಂತ ಗೊತ್ತಿಲ್ಲದ ಹಂದಿಯೆಲ್ಲ ತೀರ್ಪಾಗೋವರೆಗೂ ನಿನ್ನ ಅಂಗಳದಲ್ಲೇ ಇರುತ್ತೆ. ಲೆಮ್ಯುಯೆಲ್ ಕೂಡ ಬೇಡ ಅನ್ಲಿಲ್ಲ."

ಹಂದಿಗಳು ಆಗಲೇ ಬೇಲಿ ದಾಟಿದ್ದವು.

"ಸೋತಿರೋದಂತೂ ನಿಜ ತಾನೇ?" ಎಂದ ಜೆತ್ರೋ ಮೆಲ್ಲಗೆ.

"ನಿಜ," ಎಂದಳು ಕೆಜಾಯ. "ಗೆದ್ದಾಗ ಹಂದಿ ಜಗಳ ಮಾತ್ರ ಮನೆಗೆ ಬರ್ತಿತ್ತು. ಸೋತ ಮೇಲೆ ಹಂದಿಗಳೇ ಬಂದ್ವು. ಅಣ್ಣನ ಮನೆಗೆ ನಾನ್ಯಾಕೆ ಹೋಗ್ಲಿ? ಹಂದಿ ಕಾಯೋನು ಹೊರಗಿರ್ಲಿ."

ಅವನನ್ನು ಹೊರಕ್ಕೆ ಸರಿಸಿ ಬಾಗಿಲು ಹಾಕಿಕೊಂಡಳು.